ಶಟ್‌ಡೌನ್ ಡ್ಯೂಟಿಯ ಡೇರೆ

ಪಾರ್ಸೆಲ್ಲಿನ ಮೇಲೆ ಹೆಸರು ನನ್ನದು, ಒಳಗಿನ ಸಾಮಾನು ಅವರದು. ಎರಡು ವರ್ಷ ಹೀಗೇ ನಡೆಯಿತು. ಹೊಸಪೇಟೆಯ ನನ್ನ ಬಾಡಿಗೆ ಕೋಣೆಗೆ ಬಂದ ಡಬ್ಬಿಯನ್ನು ಮನೆಯ ಮಾಲಕಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನೂ ಇದ್ದಂತಿಲ್ಲವಲ್ಲ, ಖಾಲಿ ಡಬ್ಬಿ ಯಾಕೆ ತರಿಸುತ್ತೀ ಎಂದು ಕೇಳುತ್ತಿದ್ದರು. ಆ ಅನುಮಾನ ತಪ್ಪಲ್ಲ. ಏನೂ ಇಲ್ಲದಂತೆ ತೂಗುವುದೇ ಆ ಸಾಮಾನುಗಳ ಹೆಚ್ಚುಗಾರಿಕೆ. ಸಂಜೆ, ಸಾಮಾನು ಯಾರದೋ ಅವರು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಡದೆ ಒಳಗೆ ತಂದಿಟ್ಟುಕೊಂಡು, ಕಿಟಕಿ ಮುಚ್ಚಿ, ಆಮೇಲೆ ಡಬ್ಬಿಯ ಅಂಟು ಬಿಡಿಸುತ್ತಿದ್ದರು. ಬೇರೆಯವರ ಕಾಗದ ಒಡೆದು ಓದುವವರ ಮುಖ ಇರುತ್ತದಲ್ಲ, ಅದೇ ಮುಖ.

ಅವರು ಎಂದರೆ ಸಂಡೂರು ಗುಡ್ಡದ ಕಡೆಯ ಒಂದು ಅದಿರು ಕಾರ್ಖಾನೆಯ ಲ್ಯಾಬಿನಲ್ಲಿ ಹಿರಿಯ ಕೆಮಿಸ್ಟ್. ನಾನು ಅವರ ಕೈಕೆಳಗೆ ಸೇರಿದ ಹೊಸಬ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಹೆಸರಿನಲ್ಲಿ ಒಂದು ಡೇರೆ ತರಿಸಿಕೊಳ್ಳಲು ನಾಚಿದ ಮನುಷ್ಯನ ಹೆಸರನ್ನು ಸತ್ತ ಮೇಲೆ ಅಚ್ಚು ಹಾಕಿಸುವುದು ಯಾವ ನ್ಯಾಯ? ಐವತ್ತು ದಾಟಿದವರು, ಮದುವೆಯಾಗದವರು, ಮೆಲುದನಿಯವರು. ಕಾರ್ಖಾನೆಯ ಕೆಂಪು ಧೂಳಿನಲ್ಲಿ ಮಧ್ಯಾಹ್ನದೊಳಗೆ ನಮ್ಮೆಲ್ಲರ ಅಂಗಿಯೂ ಇಟ್ಟಂಗಿಯ ಬಣ್ಣಕ್ಕೆ ತಿರುಗಿದರೆ ಅವರ ಕಾಲರ್ ಮಾತ್ರ ಅದು ಹೇಗೋ ಬೆಳ್ಳಗೇ ಉಳಿಯುತ್ತಿತ್ತು. ತಕ್ಕಡಿಯ ಮುಂದೆ ಕೂತರೆ ಮೊದಲು ಬೆರಳ ತುದಿಗೆ ಊದಿಕೊಳ್ಳುವರು, ಆಮೇಲೆ ಸ್ಯಾಂಪಲ್ ಮುಟ್ಟುವರು. ಬೆರಳಿಗೆ ಅಂಟಿದ ಧೂಳಿನಿಂದ ಇನ್ನೊಬ್ಬರ ಅದಿರಿನ ಲೆಕ್ಕ ಕೆಡಬಾರದೆಂದು.

ನಮ್ಮ ಸ್ನೇಹಕ್ಕೆ ನನ್ನ ಬಾಯಿಯೇ ಕಾರಣ. ನಮ್ಮಪ್ಪ ಸಿರುಗುಪ್ಪದ ಕಡೆ ಹೈಸ್ಕೂಲು ಮಾಸ್ತರು. ಮನೆಯಲ್ಲಿ ಊಟಕ್ಕೆ ಕೂತರೂ ಒಬ್ಬರು ಪರ, ಒಬ್ಬರು ವಿರೋಧ ಮಾತಾಡಲೇಬೇಕೆಂದು ಬೆಳೆಸಿದವರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ಗೆದ್ದು ನನಗೆ ಒಂದು ಚಾಳಿ ಹತ್ತಿತ್ತು, ಯಾರಾದರೂ ಏನಾದರೂ ಹೇಳಿದರೆ ಮೊದಲು ಅಲ್ಲಗಳೆಯುವುದು, ಆಮೇಲೆ ಯೋಚಿಸುವುದು. ಕ್ಯಾಂಟೀನಿನಲ್ಲಿ ಒಂದು ದಿನ ನಾನು ಯಾರ ಜೊತೆಯೋ ಜಗಳದ ಮಟ್ಟಕ್ಕೆ ವಾದಿಸುತ್ತಿದ್ದಾಗ ಅವರು ಪಕ್ಕದ ಮೇಜಿನಲ್ಲಿ ಚಹಾ ಕುಡಿಯುತ್ತ ಕೇಳಿಸಿಕೊಂಡಿದ್ದರು. ಬಸ್ಸು ಹತ್ತುವಾಗ ಹತ್ತಿರ ಬಂದು, "ವಕೀಲ್ರ, ನಿಮ್ಮ ರೂಮಿಗೆ ನಂದೊಂದು ಪಾರ್ಸೆಲ್ ಬಂದ್ರ ತೊಂದ್ರಿ ಇಲ್ಲಲ್ಲ?" ಎಂದರು. ಅಂದಿನಿಂದ ನನ್ನ ಹೆಸರು ವಕೀಲ್ರು.

ಬಂದದ್ದು ಸೈಕಲ್ಲಿನ ಹ್ಯಾಂಡಲ್‌ಗೆ ಕಟ್ಟುವ ಉದ್ದನೆಯ ಚೀಲ. ಮುಂದಿನ ತಿಂಗಳು ಸೀಟಿನ ಹಿಂದೆ ಬಾಲದಂತೆ ಚಾಚುವ ಚೀಲ. ಆಮೇಲೆ ಬಾಯಿಂದ ಊದಿ ಉಬ್ಬಿಸುವ ಹಾಸಿಗೆ, ಮುಷ್ಟಿಯಲ್ಲಿ ಹಿಡಿಸುವ ಒಲೆ, ಟೈಟಾನಿಯಂ ಲೋಟ, ಒಂದು ಕಿಲೋ ಕೂಡ ತೂಗದ ಡೇರೆ. ಸೈಕಲ್ಲು ಕೂಡ ನನ್ನ ಕೋಣೆಯ ಗೋಡೆಗೇ ಒರಗಿತ್ತು. ಡಬ್ಬಿಯ ಮೇಲೆ ಅಚ್ಚಾದ ತೂಕವನ್ನು ಅವರು ನಂಬುತ್ತಿರಲಿಲ್ಲ. ಅದಿರು ಕಳಿಸುವವರೂ ಚೀಟಿಯಲ್ಲಿ ಹೀಗೇ ಬರೆಯುತ್ತಾರೆ, ತೇವ ಕಳೆದು ನೋಡಿದರೆ ನಿಜ ಗೊತ್ತಾಗುತ್ತದೆ ಎನ್ನುತ್ತಿದ್ದರು. ಡೇರೆಯ ಗೂಟಗಳನ್ನು ಸ್ಯಾಂಪಲ್ ಲಕೋಟೆಯೊಳಗೆ ಹಾಕಿಕೊಂಡು ಲ್ಯಾಬಿಗೆ ತಂದು, ಊಟದ ಹೊತ್ತಿನಲ್ಲಿ ಎಲ್ಲರೂ ಆಚೆ ಹೋದ ಮೇಲೆ ತಕ್ಕಡಿಗೆ ಇಡುವರು. ಬಟ್ಟೆಗೆ ಹೊಲಿದ ಲೇಬಲ್ಲುಗಳನ್ನು ಬ್ಲೇಡಿನಿಂದ ಬಿಡಿಸಿ ಅವನ್ನೂ ತೂಗುವರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ ದಿನ ನಾನು ತಡೆಯಲಾರದೆ, ಸರ್, ಹಲ್ಲುಗಳನ್ನೂ ಮನೆಯಲ್ಲೇ ಬಿಟ್ಟು ಹೋಗಬಹುದಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು.

ನಾನು ವಿರೋಧ ಪಕ್ಷ. ಮಲಗಲು ಮನೆ ಇರುವವನು ಮನೆ ಇಲ್ಲದವನ ಹಾಗೆ ಮಲಗುವುದಕ್ಕೆ ಇಷ್ಟೆಲ್ಲ ಕೊಳ್ಳುವುದು ಬರೀ ಆಟ, ಸಾಮಾನು ಹಗುರವಾದಷ್ಟೂ ಕೊಂಡ ಪಾಪ ಕಡಿಮೆ ಎಂದು ಮನಸ್ಸಿಗೆ ಅನಿಸುತ್ತದೆ, ಅಂಗಡಿಯವರು ಮಾರುವುದು ಆ ಅನಿಸಿಕೆಯನ್ನು. ಹೀಗೆ ನಾನು ಮಂಡಿಸುತ್ತಿದ್ದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, "ವಾದ ಚಲೋ ಐತಿ ವಕೀಲ್ರ. ಇದನ್ನ ಹೊತ್ಕೊಂಡು ಚೋರನೂರಿನ ಏರು ಹತ್ತಾಕ ಆಗತೈತೇನು?" ಎನ್ನುವರು. ಸಂಡೂರಿನಾಚೆ ಅವರು ಸೈಕಲ್ ಹೊಡೆಯುವ ದಾರಿಯ ಏರು ಅದು. ಅವರ ಹತ್ತಿರ ಎಲ್ಲಕ್ಕೂ ಇದೇ ಪರೀಕ್ಷೆ. ಮ್ಯಾನೇಜರ್ ಸಿಟ್ಟಾಗಿ ಬೈದು ಹೋದರೂ, ಹೊಸ ಸುತ್ತೋಲೆ ಬಂದರೂ, ಇದನ್ನು ಹೊತ್ತು ಏರು ಹತ್ತಬೇಕೇ ಎಂದು ತಮ್ಮೊಳಗೇ ಕೇಳಿಕೊಂಡು ಪಕ್ಕಕ್ಕಿಡುತ್ತಿದ್ದರು. ನನ್ನ ಎಷ್ಟೋ ಒಳ್ಳೆಯ ವಾದಗಳು ಆ ಏರಿನ ಬುಡದಲ್ಲೇ ಬಿದ್ದಿವೆ.

ಮನೆಗೇ ಯಾಕೆ ತರಿಸುವುದಿಲ್ಲ ಎಂದು ಕೇಳಿದಾಗ ಒಂದೇ ಮಾತು, "ಅವ್ವ ಅದಾಳ."

ಅವರವ್ವ ಪ್ರಾಯದಲ್ಲಿ ಸಂಡೂರಿನ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವರು. ಗಂಡ ಬೇಗ ತೀರಿಕೊಂಡಿದ್ದ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೂಲಿಯವರ ಕ್ಯಾಂಪಿನಲ್ಲಿ, ನಾಲ್ಕು ಕೋಲಿನ ಮೇಲೆ ತಾಡಪತ್ರಿ ಹೊದಿಸಿದ ಜೋಪಡಿಯಲ್ಲಿ ವರ್ಷಗಟ್ಟಲೆ ಇದ್ದವರು. ಮಗ ಓದಿ ನೌಕರಿ ಹಿಡಿದು ಹೊಸಪೇಟೆಯಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಬೇಸಿಗೆ ಬಂದರೆ ನಮ್ಮ ಕಡೆ ಇಡೀ ಓಣಿಯೇ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತದೆ. ಅವರ ಮನೆಯ ಮಾಳಿಗೆ ಮಾತ್ರ ಖಾಲಿ. ಸೆಕೆಗೆ ಬೇಯುತ್ತಿದ್ದರೂ ಆಕೆ ಮಗನನ್ನು ಮೇಲೆ ಮಲಗಲು ಬಿಡುತ್ತಿರಲಿಲ್ಲ. "ಹೊರಗ ಮಲಗೋದು ಮುಗದೈತಿ ನಮಗ," ಎನ್ನುತ್ತಿದ್ದರಂತೆ. ಅಂಥ ಮನೆಯೊಳಗೆ ಡೇರೆಯನ್ನು ಯಾವ ಮುಖ ಹೊತ್ತು ತರುವುದು?

ಅದಕ್ಕೆ ಅವರು ಸುಳ್ಳು ಹೇಳಿದರು. ಕಾರ್ಖಾನೆ ರಿಪೇರಿಗೆ ನಿಂತಾಗ ಕೆಲವರು ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ, ಶಟ್‌ಡೌನ್ ಡ್ಯೂಟಿ ಎನ್ನುತ್ತಾರೆ. ತಿಂಗಳಿಗೊಮ್ಮೆ ಅವರಿಗೆ ಶಟ್‌ಡೌನ್ ಬರುತ್ತಿತ್ತು. ಆ ಮನೆಯ ಲೆಕ್ಕದಲ್ಲಿ ನಮ್ಮದರಷ್ಟು ಕೆಟ್ಟು ನಿಂತ ಕಾರ್ಖಾನೆ ಜಿಲ್ಲೆಯಲ್ಲೇ ಇರಲಿಲ್ಲ. ಮನೆಯಿಂದ ಡ್ಯೂಟಿಗೆಂದು ಹೊರಟು ನನ್ನ ಕೋಣೆಗೆ ಬಂದು, ಬಟ್ಟೆ ಬದಲಿಸಿ, ಸೈಕಲ್ ಹತ್ತಿ ಹೋಗಿಬಿಡುವರು. ಹಂಪಿಯ ಬಂಡೆಗಳ ನಡುವೆ ಮಲಗಲು ಬಿಡುವುದಿಲ್ಲ, ಕಮಲಾಪುರದಾಚೆ ಕರಡಿಗಳ ಕಾಟ, ಆದ್ದರಿಂದ ಹೆಚ್ಚಾಗಿ ಸಂಡೂರು ದಾಟಿ ಬಯಲಿಗೆ. ಮರುದಿನ ಬಂದಾಗ ಮುಖ ತೊಳೆದಂತೆ ಇರುತ್ತಿತ್ತು, ಆದರೆ ನನ್ನ ಕಣ್ಣು ತಪ್ಪಿಸುತ್ತಿದ್ದರು.

ಸಾಮಾನು ಕಟ್ಟುವ ಅವರ ಪದ್ಧತಿ ಹೇಳಬೇಕು. ಲ್ಯಾಬಿನಲ್ಲಿ ಲಾರಿಗಟ್ಟಲೆ ಅದಿರಿನಿಂದ ಒಂದು ಹಿಡಿ ಸ್ಯಾಂಪಲ್ ತೆಗೆಯುವುದಕ್ಕೆ ಒಂದು ರೀತಿ ಇದೆ. ಪುಡಿಯನ್ನು ಗುಡ್ಡೆ ಹಾಕಿ, ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಎಸೆದು, ಉಳಿದದ್ದನ್ನು ಕಲಸಿ ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. ಅವರು ನನ್ನ ಚಾಪೆಯ ಮೇಲೆ ಎಲ್ಲ ಸಾಮಾನನ್ನೂ ಗುಂಡಗೆ ಹರವಿ, ಸ್ಕೇಲಿನಿಂದ ನಾಲ್ಕು ಪಾಲು ಮಾಡಿ, "ಹ್ಞಾಂ ವಕೀಲ್ರ, ವಿರುದ್ಧ ಮಾತಾಡ್ರಿ" ಎನ್ನುವರು. ನಾನು ಒಂದೊಂದರ ಮೇಲೂ ಬೀಳುವೆ. ದಿಂಬು ಯಾಕೆ, ಅಂಗಿ ಸುತ್ತಿ ತಲೆಗಿಡಬಹುದಲ್ಲ. ಚಮಚ ಯಾಕೆ, ಬೆರಳಿಲ್ಲವೇ. ಅವರು ಪ್ರತಿವಾದ ಮಾಡದೆ ಆ ವಸ್ತುವನ್ನು ಮುಟ್ಟಿ ಮುಟ್ಟಿ ನೋಡಿ ಹೊರಗಿಡುವರು. ಒಮ್ಮೆ ನನ್ನ ಮಾತಿನ ಭರದಲ್ಲಿ ಡೇರೆಯ ಕಡ್ಡಿಗಳೂ ಹೊರಗುಳಿದು, ಅವರು ಬಯಲಿಗೆ ಹೋಗಿ ಬರೀ ಬಟ್ಟೆಯನ್ನು ಹೊದ್ದುಕೊಂಡು ಮಲಗಿ ಬಂದಿದ್ದರು. ಅದಿರಾದರೆ ಯಾವ ಪಾಲೂ ಒಂದೇ, ಡೇರೆ ಹಾಗಲ್ಲ ಎಂಬುದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ಚಾಪೆಯ ಮೇಲಿನ ಆ ಮಂಡಲದೊಳಗೆ ಎಂದೂ ಬಾರದ ವಸ್ತು ಒಂದಿತ್ತು. ಬುತ್ತಿ. ಮಗನಿಗೆ ಶಟ್‌ಡೌನ್ ಎಂದರೆ ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುತ್ತಿದ್ದರು, ಮಗನಿಗೆ ಮಾತ್ರವಲ್ಲ, ಡ್ಯೂಟಿಯಲ್ಲಿರುವ ಎಲ್ಲರಿಗೂ. ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರಿನಲ್ಲಿ ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಅಟ್ಟಿ. ಬ್ರಷ್ಷಿನ ಹಿಡಿ ಕತ್ತರಿಸಿದ ಮನುಷ್ಯ ಡೇರೆಗಿಂತ ಮೂರು ಪಟ್ಟು ಭಾರದ ಕ್ಯಾರಿಯರನ್ನು ಸೈಕಲ್ಲಿಗೆ ಹಗ್ಗದಿಂದ ಬಿಗಿಯುತ್ತಿದ್ದರೆ ನಾನು ಸುಮ್ಮನಿರುವುದು ಹೇಗೆ? ಅರ್ಧ ನನ್ನ ಹತ್ತಿರ ಬಿಟ್ಟು ಹೋಗಿ ಎಂದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋಗಿ ಎಂದೆ. ಅವರು ಹಗ್ಗದ ಗಂಟಿನಿಂದ ಕಣ್ಣೆತ್ತದೆ, "ಇದರ ಮ್ಯಾಲ ವಾದ ಇಲ್ರಿ," ಎಂದರು.

ಆ ಬುತ್ತಿಯನ್ನು ಅವರು ಒಂದು ತುಣುಕೂ ಬಿಡದೆ ತಿಂದು, ಕ್ಯಾರಿಯರನ್ನು ತಿಕ್ಕಿ ತೊಳೆದು ತರುತ್ತಿದ್ದರು. ಸುಳ್ಳಿಗೆ ಕಟ್ಟಿದ ಬುತ್ತಿ, ಎಸೆಯುವ ಹಕ್ಕೂ ಇಲ್ಲ ಎನ್ನುವ ಹಾಗೆ.

ನಾನೂ ಆ ಮನೆಯಲ್ಲಿ ಉಂಡಿದ್ದೇನೆ. ಹಬ್ಬಕ್ಕೆ ಕರೆದಿದ್ದರು. ಎಲೆಗೆ ತುಪ್ಪ ಹಾಕುತ್ತ ಅವ್ವ, ಹೋದ ವಾರ ಶಟ್‌ಡೌನಿಗೆ ನೀನೂ ಇದ್ದೆಯಾ, ರೊಟ್ಟಿ ಮೆತ್ತಗಿದ್ದವಾ ಎಂದು ಕೇಳಿದರು. ಎದುರಿಗೆ ಕೂತ ಸರ್ ಎಲೆಯ ಮೇಲೆ ಬಗ್ಗಿಬಿಟ್ಟರು. ವೇದಿಕೆಯ ಮೇಲೆ ಎದುರಾಳಿಯ ಒಂದು ಸಣ್ಣ ಸುಳ್ಳನ್ನೂ ಬಿಡದೆ ಹಿಡಿದು ಹಿಂಡುತ್ತಿದ್ದ ನಾನು, ಇದ್ದೆ ಅವ್ವಾ, ಮೆತ್ತಗಿದ್ದವು ಎಂದೆ.

ವಿರೋಧಿಸಲಾದರೂ ಒಮ್ಮೆ ಕಣ್ಣಾರೆ ನೋಡಬೇಕು ಎಂದು ಹಟ ಮಾಡಿ, ಸಂಕ್ರಾಂತಿ ಕಳೆದ ಮೇಲೆ ಒಂದು ಸಲ ಅವರ ಜೊತೆ ಹೋದೆ. ನನ್ನದು ಎರವಲು ಸೈಕಲ್. ಅದಿರು ಲಾರಿಗಳ ಧೂಳು ಕುಡಿಯುತ್ತ ಸಂಡೂರು ದಾಟಿ, ಚೋರನೂರಿನ ಕಡೆ ಏರು ಹತ್ತುವಾಗ ನನ್ನ ಬಾಯಲ್ಲಿ ಒಂದು ವಾದವೂ ಉಳಿದಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಬೆಳೆ ಕೊಯ್ದ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಅವರು ಡೇರೆ ಹೂಡಿದರು. ಹೂಡಿದ್ದು ಎನ್ನುವುದಕ್ಕಿಂತ ಮಲಗಿದ ಮಗುವಿಗೆ ಕುಲಾವಿ ತೊಡಿಸಿದ ಹಾಗಿತ್ತು.

ಆಡು ಹೊಡೆದುಕೊಂಡು ಒಬ್ಬ ಅಜ್ಜಿ ಬಂದರು. ಹೊಲ ಅವರದೇ. ಕೋಲೂರಿ ನಿಂತು ಡೇರೆಯನ್ನೂ ನಮ್ಮನ್ನೂ ನೋಡಿ, "ಮನಿ ಇಲ್ಲೇನಪ್ಪಾ ನಿಮಗ?" ಎಂದರು.

ಇದೆ ಎಂದರು ಸರ್.

"ಹೇಣ್ತಿ ಹೊರಗ ಹಾಕ್ಯಾಳೇನು?"

ಮದುವೆಯೇ ಆಗಿಲ್ಲ ಎಂದರು.

"ಹಂಗಾದ್ರ ಯಾರು ಹಾಕ್ಯಾರ?"

ನಾನು ನಗು ತಡೆದುಕೊಂಡೆ. ಅಜ್ಜಿಗೆ ನಗು ಬರಲಿಲ್ಲ. ಯಾವ ಊರು, ಯಾರ ಪೈಕಿ ಎಂದು ಶುರುಮಾಡಿದರು. ಹೊಸಪೇಟೆ ಎಂದರೆ ಬಿಡಲಿಲ್ಲ, ಅದಕ್ಕೂ ಮೊದಲು ಎಲ್ಲಿ ಎಂದು ಹಿಡಿದರು. ಸುಳ್ಳು ಹೇಳಬಹುದಿತ್ತು. ಅವರಿಗೆ ಇದ್ದದ್ದು ಒಂದೇ ಸುಳ್ಳು, ಅದನ್ನು ಮನೆಯಲ್ಲೇ ಖರ್ಚು ಮಾಡಿಬಿಟ್ಟಿದ್ದರು. ಗಣಿ ಕ್ಯಾಂಪಿನ ಹೆಸರು ಹೇಳಿದರು, ಅವ್ವನ ಹೆಸರನ್ನೂ ಹೇಳಿದರು. ಅಜ್ಜಿ ಕೋಲು ಬಿಟ್ಟು ಎರಡೂ ಕೈಯಿಂದ ಅವರ ಮುಖ ಹಿಡಿದುಕೊಂಡರು. ಆ ಕ್ಯಾಂಪಿನಲ್ಲಿ ಪಕ್ಕದ ಜೋಪಡಿ ಇವರದಾಗಿತ್ತಂತೆ. ಎತ್ತಿ ಆಡಿಸಿದ ಕೂಸು ಐವತ್ತು ದಾಟಿ ಮತ್ತೆ ತಮ್ಮ ಹೊಲದಲ್ಲಿ ಬಟ್ಟೆಯ ಸೂರಿನ ಕೆಳಗೆ ಕೂತಿತ್ತು. ಮನೆಗೆ ನಡೆಯಿರಿ ಎಂದರು. ಸರ್ ಒಪ್ಪಲಿಲ್ಲ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಡೆಗೆ ಕೈಮುಗಿದು, "ಯಮ್ಮಾ, ಅವ್ವಗ ಮಾತ್ರ ಹೇಳಬ್ಯಾಡ್ರಿ," ಎಂದರು. ಅಜ್ಜಿ ಆ ಮುಗಿದ ಕೈಗಳನ್ನೇ ನೋಡಿದರು. ಮನೆಗೆ ಹೋಗಿ ತಮ್ಮ ಮಗನನ್ನು ಕಂಬಳಿ, ಬಡಿಗೆ ಕೊಟ್ಟು ನಮ್ಮ ಕಾವಲಿಗೆ ಕಳಿಸಿದರು. ಆತ ಹತ್ತು ಹೆಜ್ಜೆ ಆಚೆ ಮಲಗಿ ಗೊರಕೆ ಹೊಡೆದ. ಅದು ನಮ್ಮ ಏಕಾಂತವಾಸ.

ಬೆಳಿಗ್ಗೆ ಸಣ್ಣ ಒಲೆಯಲ್ಲಿ ಚಹಾ ಕುದಿಸುತ್ತ ನಾನೇ ಕೇಳಿದೆ, ಇಷ್ಟೆಲ್ಲ ಯಾಕೆ ಸರ್, ನಿಜ ಹೇಳಿ ಎಂದು. ಅವರು ಒಲೆಯ ಗಾಳಿಗೆ ಅಂಗೈ ಅಡ್ಡ ಹಿಡಿದು ಕೂತಿದ್ದರು.

"ಅವ್ವ ಆ ಜೋಪಡಿನ ನರಕ ಅಂತಾಳ. ಖರೇ ಇದ್ದೀತು. ನನಗ ಮಾತ್ರ ಅಂಥಾ ನಿದ್ದಿ ಮತ್ತ ಎಲ್ಲೂ ಬಂದಿಲ್ರಿ. ತಾಡಪತ್ರಿ ಮ್ಯಾಲ ಮಳಿ ಸಪ್ಪಳ, ಒಳಗ ಬೆಚ್ಚಗ. ಸ್ಲ್ಯಾಬಿನ ಕೆಳಗ ಮಲಗಿದ್ರ ಅದು ಬರಂಗಿಲ್ಲ. ಅದನ್ನ ಹುಡಿಕ್ಕೊಂಡು ತಿರಗಾಕತ್ತೀನಿ ಅಂತ ಆಕಿ ಮುಂದ ಹೆಂಗ ಹೇಳ್ಲಿ? ಆಕಿ ಪಟ್ಟಿದ್ದರ ಮ್ಯಾಲ ಉಗುಳಿದಂಗ ಆಗತೈತಿ."

ನಾನು ಸುಮ್ಮನಿರಬಹುದಿತ್ತು. ಹೇಳಿಬಿಡಬೇಕು ಸರ್, ಮುಚ್ಚಿಡುವುದೇ ಅವಮಾನ, ಹೇಳುವುದಲ್ಲ ಎಂದು ಮೂರು ಕಾರಣ ಕೊಟ್ಟು ಮಂಡಿಸಿದೆ. ಅವರು ಲೋಟ ನನ್ನ ಕೈಗಿಟ್ಟು, "ವಾದ ನಿಮ್ದು. ಅವ್ವ ನಮ್ಮಾಕಿ," ಎಂದರು.

ಬೇಸಿಗೆ ಶುರುವಾಗಿತ್ತು. ಒಂದು ರಜೆಯ ಮಧ್ಯಾಹ್ನ ನನ್ನ ಬಾಗಿಲಲ್ಲಿ ಆಟೋ ನಿಂತು ಅವ್ವ ಇಳಿದರು, ಒಬ್ಬರೇ. ಕುಂದ್ರಿ ಅವ್ವಾ ಎಂದು ಕುರ್ಚಿ ಸರಿಸಿದೆ. ಕೂರಲಿಲ್ಲ. ಸೆರಗಿನ ತುದಿ ಬಾಯಿಗೆ ಹಿಡಿದು ನಿಂತೇ ಕೇಳಿದರು.

"ನನ್ನ ಮಗನ ನೌಕರಿ ಹೋಗೈತೇನು, ತಮ್ಮಾ? ಖರೇ ಹೇಳು."

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದೊಂದಾಗಿ ಹೊರಬಂತು. ಸಂಡೂರಿನಲ್ಲಿ ಒಂದು ಮದುವೆಗೆ ಹೋದಲ್ಲಿ ಚೋರನೂರಿನ ಅಜ್ಜಿ ಸಿಕ್ಕಿದ್ದರು. ನಿನ್ನ ಮಗ ಹೊಲದಾಗ ಮಲಗಿದ್ದ, ನಿನಗ ಹೇಳಬ್ಯಾಡ ಅಂತ ಕೈ ಮುಗದ ಎಂದಿದ್ದರು. ಅವ್ವ ಆ ಎರಡು ಮಾತುಗಳನ್ನು ಕೂಡಿಸಿ ನೋಡಿದ್ದರು. ಡ್ಯೂಟಿ ಎಂದು ಬುತ್ತಿ ಕಟ್ಟಿಸಿಕೊಂಡು ಹೋಗುವ ಮಗ ಹೊಲದಲ್ಲಿ ಮಲಗುತ್ತಾನೆ, ಹೇಳಬೇಡ ಎನ್ನುತ್ತಾನೆ ಎಂದರೆ ಅರ್ಥ ಏನು? ಕೆಲಸ ಹೋಗಿದೆ, ಮುಚ್ಚಿಟ್ಟಿದ್ದಾನೆ. ತಾವು ಎಲ್ಲಿಂದ ಎದ್ದು ಬಂದರೋ ಮಗ ಅಲ್ಲಿಗೇ ಜಾರಿದ್ದಾನೆ.

"ಅವಗ ಬೈಬ್ಯಾಡ್ರಿ ನೀವ್ಯಾರೂ," ಎಂದರು. "ನನ್ನ ಕೈ ಇನ್ನೂ ಗಟ್ಟಿ ಅದಾವ. ಕಮಲಾಪುರದ ಬಾಳಿ ತ್ವಾಟಕ್ಕ ಕೂಲಿಗೆ ಹೋಗ್ತೀನಿ. ಅವ ಮಾತ್ರ ಹೊರಗ ಮಲಗಬಾರದು."

ಎಪ್ಪತ್ತು ದಾಟಿದ ಅಂಗೈಗಳನ್ನು ಚಾಚಿ ತೋರಿಸುತ್ತಿದ್ದರು. ನಾನು ಬಾಗಿಲ ಹಿಂದೆ ನೇತುಹಾಕಿದ್ದ ಚೀಲವನ್ನು ನೋಡಿದೆ. ಭೂಮಿ ಬಿರಿಯಬಾರದೇ ಅನ್ನಿಸಿತು. ನೌಕರಿ ಗಟ್ಟಿಯಿದೆ, ಅವರೇ ನಮ್ಮೆಲ್ಲರಿಗೂ ಮೇಲಿನವರು ಎಂದೆ. ಮತ್ತೆ ಹೊಲದಲ್ಲಿ ಯಾಕೆ ಎಂದರು. ಯಾವ ವಿಷಯದ ಮೇಲಾದರೂ ಐದು ನಿಮಿಷ ತಡವರಿಸದೆ ಮಾತಾಡಬಲ್ಲ ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ, "ಖುಷಿಗೆ ಅವ್ವಾ."

"ಖುಷಿಗೆ?"

ಬೇರೆ ದಾರಿ ಕಾಣದೆ ಚೀಲ ಇಳಿಸಿ ಡೇರೆ ಬಿಡಿಸಿದೆ. ಫ್ಯಾನಿನ ಕೆಳಗೆ, ಮಂಚಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ಅದು ಎದ್ದು ನಿಂತಿತು. ಅವ್ವ ಮೊದಲು ದೂರದಿಂದ ನೋಡಿದರು. ಹತ್ತಿರ ಬಂದು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು. ಹೊಲಿಗೆಯ ಮೇಲೆ ಉಗುರು ಎಳೆದರು. ಕೂತು, ಬಾಯಿಯ ಜಿಪ್ಪಿನೊಳಗೆ ಕೈ ಚಾಚಿ ನೆಲ ಸವರಿದರು.

"ತಳ ಐತಲ್ಲೋ ಇದಕ್ಕ."

ಇದೆ ಅವ್ವಾ, ಕೆಳಗಿನಿಂದ ನೀರು ಬರುವುದಿಲ್ಲ ಎಂದೆ. ಆ ಹೊತ್ತಿಗೆ ನನಗೆ ಹೇಳದೆ ಇರಲು ಆಗಲಿಲ್ಲ. ಚೋರನೂರಿನ ಬೆಳಗಿನಲ್ಲಿ ಸರ್ ಆಡಿದ ಮಾತನ್ನೂ ಹೇಳಿದೆ. ಆ ಜೋಪಡಿಯಲ್ಲಿ ಬಂದ ನಿದ್ದೆ ಮತ್ತೆ ಎಲ್ಲೂ ಬಂದಿಲ್ಲವಂತೆ ಎಂದೆ. ಸಿಟ್ಟಾಗುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಕೈಯನ್ನು ಡೇರೆಯೊಳಗೇ ಬಿಟ್ಟುಕೊಂಡು ಕೂತರು.

"ನಮ್ದಕ್ಕ ತಳ ಇರಲಿಲ್ಲ. ಮಳಿ ಬಂದ್ರ ನೀರು ಒಳಗ ಹರೀತಿತ್ತು. ಇವನ್ನ ಅದಿರು ಹೊರೋ ಬುಟ್ಟ್ಯಾಗ ಮಲಗಿಸಿ, ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಬೆಳತನಕ ಕುಂದ್ರತಿದ್ದೆ. ತಂಗಿ ಬೆನ್ನಿಗೆ. ಅವಗೇನು ಗೊತ್ತು." ನನ್ನ ಕಡೆ ತಿರುಗಿದರು. "ಅಷ್ಟು ಚಲೋ ನಿದ್ದಿ ಬಂದಿತ್ತಂತೇನು?"

ಹೌದಂತೆ ಎಂದೆ. ಅವರ ಮುಖದಲ್ಲಿ ಆಗ ಬಂದದ್ದಕ್ಕೆ ನಾನು ಹೆಸರಿಡುವುದಿಲ್ಲ. ನಾನು ಇನ್ನೊಂದು ಕಡೆ ನೋಡಿದೆ.

ಹೊರಡುವಾಗ ನನ್ನಿಂದ ಮಾತು ತೆಗೆದುಕೊಂಡರು. ತಾವು ಬಂದದ್ದು ಮಗನಿಗೆ ತಿಳಿಯಬಾರದು. ತಿಳಿದರೆ ನಾಚಿಕೊಂಡು ಬಿಟ್ಟುಬಿಡುತ್ತಾನೆ, ಅವನ ಸ್ವಭಾವ ನನಗೆ ಗೊತ್ತು ಎಂದರು. ನಾನು ಮಾತು ಕೊಟ್ಟೆ.

ಅಲ್ಲಿಂದ ಮುಂದಿನದು ನನ್ನ ಪಾಲಿಗೆ ಕಷ್ಟವಾಯಿತು. ಮಗ ಅವ್ವನಿಗೆ ಸುಳ್ಳು ಹೇಳುತ್ತಿದ್ದ, ಅವ್ವ ಆ ಸುಳ್ಳಿಗೆ ರೊಟ್ಟಿ ಬಡಿಯುತ್ತಿದ್ದರು, ಇಬ್ಬರ ನಡುವೆ ನಾನು. ಒಮ್ಮೆ ಅವರ ಮನೆಯಲ್ಲಿ ಅವ್ವ, ಈ ಸಲ ಶಟ್‌ಡೌನು ಯಾವ ಕಡೆ ಎಂದು ಕೇಳಿಬಿಟ್ಟು, ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು. ಕಾರ್ಖಾನೆ ಇದ್ದದ್ದು ಒಂದೇ ಕಡೆ, ಆದರೂ ಸರ್ ತಲೆಗೆ ಹತ್ತಲಿಲ್ಲ. ತಕ್ಕಡಿಯಲ್ಲಿ ಒಂದು ಲೇಬಲ್ಲಿನ ತೂಕ ಹಿಡಿಯುವವರು, ತಮ್ಮ ನಾಚಿಕೆಯ ಗದ್ದಲದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ.

ಆ ನಾಚಿಕೆ ಬೆಳೆಯುತ್ತಲೇ ಹೋಯಿತು. ಹೊಸ ಮಳೆಯಂಗಿ ಬಂದಾಗ ಹಾಕಿಯೂ ನೋಡದೆ ಮಡಚಿಟ್ಟರು. ವಯಸ್ಸಾದ ತಾಯಿಗೆ ತಿಂಗಳು ತಿಂಗಳೂ ಮೋಸ ಮಾಡುತ್ತಿದ್ದೇನೆ, ನನಗಿಂತ ಹೀನ ಯಾರು ಎನ್ನುತ್ತಿದ್ದರು. ಇದೊಂದು ಸಲ ಹೋಗಿ ಬಂದು ಹೇಳಿಬಿಡುತ್ತೇನೆ ಎನ್ನುವರು, ಹೋಗಿ ಬರುವರು, ಹೇಳಲಾಗದೆ ನನ್ನ ಚಾಪೆಯ ಮೇಲೆ ಕೂತಿರುವರು. ನನ್ನ ಹತ್ತಿರ ಒಂದು ವಾಕ್ಯ ಇತ್ತು. ಅವ್ವನಿಗೆ ಗೊತ್ತಿದೆ ಸರ್, ಗೊತ್ತಿದ್ದೇ ಬುತ್ತಿ ಕಟ್ಟುತ್ತಾರೆ. ಅಷ್ಟು ಹೇಳಿದ್ದರೆ ಆ ಬೆನ್ನು ನೆಟ್ಟಗಾಗುತ್ತಿತ್ತು. ಕೊಟ್ಟ ಮಾತು ದೊಡ್ಡದೋ, ಎದುರಿಗೆ ಕುಗ್ಗುತ್ತಿರುವ ಮನುಷ್ಯ ದೊಡ್ಡವನೋ? ಪರವಾಗಿ ವಾದಿಸಿದೆ, ವಿರೋಧವಾಗಿ ವಾದಿಸಿದೆ, ನನ್ನೊಳಗೆ ಎರಡೂ ಕಡೆ ಗೆದ್ದೆ. ಬಾಯಿ ಮಾತ್ರ ತೆರೆಯಲಿಲ್ಲ. ಎಂದೂ ಬಾಯಿ ಮುಚ್ಚದವನು ಅದೊಂದೇ ಕಡೆ ಮುಚ್ಚಿಕೊಂಡು ಕೂತೆ, ಅದನ್ನು ಪ್ರಾಮಾಣಿಕತೆ ಎಂದುಕೊಂಡೆ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಎದೆ ಹಿಡಿದುಕೊಂಡು ಮನೆಯ ಕಟ್ಟೆಯ ಮೇಲೆ ಕೂತರಂತೆ. ಆಸ್ಪತ್ರೆ ಮುಟ್ಟಲಿಲ್ಲ. ಕಾರ್ಖಾನೆಯಲ್ಲಿ ಸಂತಾಪ ಸಭೆ ಮಾಡಿದರು, ಚೆನ್ನಾಗಿ ಮಾತಾಡುತ್ತಾನೆ ಎಂದು ನನ್ನನ್ನು ಕರೆದರು. ಅವರ ನಿಖರತೆ, ಸರಳತೆ ಎಂದು ಏನೇನೋ ಹೇಳಿ ಇಳಿದೆ. ಆ ವಾರವೇ ನನ್ನ ಹೆಸರಿಗೆ ಇನ್ನೊಂದು ಡಬ್ಬಿ ಬಂತು. ಮಾಲಕಿ ಅಲ್ಲಾಡಿಸಲಿಲ್ಲ, ಸುಮ್ಮನೆ ಕೊಟ್ಟರು.

ಅವ್ವ ಈಗ ಕಂಪ್ಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತುಂಬಿದ ಮನೆ, ಅಳಿಯನದು ಗದ್ದೆ. ಹೋದ ತಿಂಗಳು ಸಾಮಾನುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಚೀಲವನ್ನು ಬಿಚ್ಚಿಸಲಿಲ್ಲ, ನೀನೇ ಇಟ್ಟುಕೋ ಎಂದರು, ತಾಟು ಹಾಕಿ ಕೂರಿಸಿದರು. ಮಗಳು ಹಿತ್ತಲಿಗೆ ಹೋಗುವುದನ್ನೇ ಕಾಯುತ್ತಿದ್ದರು ಅನ್ನಿಸುತ್ತದೆ. ಹಿಟ್ಟಿನ ಕೈ ನಿಂತಿತು.

"ತಮ್ಮಾ, ಒಂದು ಕೇಳ್ತೀನಿ. ನನಗ ಗೊತ್ತೈತಿ ಅಂತ ಅವಗ ಗೊತ್ತಿತ್ತೇನು?"

ಇಲ್ಲ ಎಂಬುದು ಸತ್ಯ.

"ಗೊತ್ತಿತ್ತವ್ವಾ," ಎಂದೆ.

"ಯಾರು ಹೇಳಿದ್ರು? ನೀನಾ?"

ಇದಕ್ಕೆ ನಾನು ಸಿದ್ಧನಿರಲಿಲ್ಲ. ಅವರಿಗೆ ಗೊತ್ತಿತ್ತು ಎಂದರೆ ನಾನು ಮಾತು ಮುರಿದಿರಲೇಬೇಕು. ನಾನು ಮುರಿದಿರಲಿಲ್ಲ, ಮುರಿಯಬೇಕಿತ್ತು.

"ಹ್ಞೂಂ. ನಾನ ಹೇಳಿದೆ."

"ಮಾತು ಕೊಟ್ಟಿದ್ದೆಲ್ಲೋ ನನಗ."

ತಪ್ಪಾಯಿತು ಎಂದೆ. ಅವ್ವ ನನ್ನನ್ನು ದಿಟ್ಟಿಸಿ ನೋಡಿದರು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬರುತ್ತಿತ್ತು, ಅದರ ಕಡೆ ಲಕ್ಷ್ಯವಿರಲಿಲ್ಲ.

"ಏನಂದ?"

"ನಕ್ಕರು ಅವ್ವಾ. ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಕ್ಕರು."

ಅವರು ನಗುತ್ತಿದ್ದದ್ದು ಹಾಗೆಯೇ, ಯಾರಿಗೂ ಕಾಣಬಾರದು ಎಂಬಂತೆ. ಇಷ್ಟರಲ್ಲಿ ಅದೊಂದೇ ನಿಜ. ಅವ್ವ ನಿಧಾನಕ್ಕೆ ತಲೆಯಾಡಿಸಿದರು. ಸೀದ ರೊಟ್ಟಿ ತೆಗೆದು ಪಕ್ಕಕ್ಕೆ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡರು.

"ಹಂಗ ನಗ್ತಿದ್ದ," ಎಂದರು. "ಬಾಯಿ ಬಿಗಿ ಇಲ್ಲದಾವ ನೀನು. ಹೋಗ್ಲಿ ಬಿಡು. ಚಲೋ ಮಾಡಿದಿ."

ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. ನಾನು ತಲೆ ಎತ್ತದೆ ಉಂಡೆ.